ಮಾವನವರ ಮೋಟಾರು, ಹಿತ್ತಲ ಪೇರಲ

ನಾನು ಚಿತ್ರಕಲೆಯ ಮಾಸ್ತರ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನೆಲ್ಲ ಓದಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಗೋಕಾಕದ ಸಾಲೆಯಲ್ಲಿ ಹುಡುಗರಿಗೆ ಬಣ್ಣದ ಪಾಠ ಹೇಳುತ್ತ ಹೇಳುತ್ತ, ಬಣ್ಣದ ವಿಷಯದಲ್ಲಿ ನನ್ನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿ ಬೇರುಬಿಟ್ಟಿತ್ತು. ಸೀರೆಯ ಅಂಗಡಿಗೆ ಹೋದರೆ ಹೆಂಡತಿ ಗಂಗವ್ವ ಸುಮ್ಮನೆ ಕೂತಿರಬೇಕು, ಬಣ್ಣ ನಾನೇ ಆರಿಸಬೇಕು. ಹಾಗೆ ಆರಿಸಿ ತಂದ ಸೀರೆಗಳನ್ನು ಆಕೆ ಯಾಕೆ ಉಡುವುದಿಲ್ಲ ಎಂದು ನಾನು ಎಂದೂ ಕೇಳಲಿಲ್ಲ.

ಅಂಥ ನನಗೆ ಒಂದು ಮೋಟಾರು ಗಾಡಿ ಸಿಗುವ ಯೋಗ ಬಂತು. ಹುಕ್ಕೇರಿಯ ನಮ್ಮ ಮಾವನವರ ಹತ್ತಿರ ಬ್ರಿಟಿಷರ ಕಾಲದ ವಿಲಾಯತಿ ಗಾಡಿ ಇತ್ತು. ಮೊಣಕಾಲು ಹಿಡಿದುಕೊಂಡ ಮೇಲೆ ಅವರಿಗೆ ಕ್ಲಚ್ ತುಳಿಯುವುದಾಗಲಿಲ್ಲ. ಅಳಿಯಂದಿರು ಇಬ್ಬರು: ನಾನು, ಮತ್ತು ಮೂಡಲಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಷಡ್ಡಕ. ಆ ಪುಣ್ಯಾತ್ಮ ಎಂಥ ಚಂದದ ಗಾಡಿ ಕಂಡರೂ ಹಿಂದಿನ ಸೀಟು ತೆಗೆದರೆ ಎಷ್ಟು ಚೀಲ ಹಿಡಿದೀತು ಎಂದು ಲೆಕ್ಕ ಹಾಕುವವನು. ಮಾವನವರು ಗಾಡಿಯನ್ನು ಮೊದಲು ನನ್ನ ಮನೆಗೇ ಕಳಿಸಿದರು. ಆದರೆ ಅದನ್ನು ತಂದುಬಿಟ್ಟ ಡ್ರೈವರ್ ಕೀಲಿಕೈಯನ್ನು ವಾಪಸು ಒಯ್ದ. ಜೊತೆಗೆ ಮಾವನವರ ಮಾತನ್ನೂ ಮುಟ್ಟಿಸಿದ: ಕಂಡಕಂಡ ಮಿಸ್ತ್ರಿಗಳು ಎಂಜಿನ್ನಿಗೆ ಕಂಡಕಂಡ ಬಣ್ಣ ಬಳಿದು ಹಾಳು ಮಾಡಿದ್ದಾರೆ, ಹೊಸದರಲ್ಲಿ ಹೇಗಿತ್ತೋ ಹಾಗೆ ಮಾಡಿ ತೋರಿಸಿದರೆ ಕೀಲಿ ನನ್ನದು, ಇಲ್ಲದಿದ್ದರೆ ಗಾಡಿ ಮೂಡಲಗಿಗೆ.

ಅಬ್ಬಾ, ನನಗಾದ ಸಂತೋಷ! ಬಣ್ಣದ ಪರೀಕ್ಷೆ, ಅದೂ ನನಗೆ! ಕೀಲಿ ಆಗಲೇ ಕಿಸೆಗೆ ಬಿದ್ದ ಹಾಗೆ ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ. ಮುಂದಿನ ರವಿವಾರ ಹಳೆಯ ಧೋತರ ಉಟ್ಟು, ಬಾನೆಟ್ ಎತ್ತಿ, ಸೀಮೆಎಣ್ಣೆ ಮತ್ತು ತಂತಿಬ್ರಶ್ ಹಿಡಿದು ಎಂಜಿನ್ ತಿಕ್ಕಲಿಕ್ಕೆ ಕೂತೆ. ಮೇಲೆ ಕರಿ ಬಣ್ಣ, ಅದರ ಕೆಳಗೆ ಕೆಂಪು, ಅದರ ಕೆಳಗೆ ಬೆಳ್ಳಿಯ ಬಣ್ಣ, ಅದರ ಕೆಳಗೂ ಇನ್ನೊಂದು. ಒಂದೊಂದು ಪದರ ಹೋದಂತೆ ನನಗೆ ಇನ್ನಷ್ಟು ಹುರುಪು. ಮೈಕೈಯೆಲ್ಲ ಮಸಿ ಮಾಡಿಕೊಂಡು ಸಂಜೆಯ ಹೊತ್ತಿಗೆ ಇಡೀ ಎಂಜಿನ್ನನ್ನು ಬರಿಯ ಕಬ್ಬಿಣ ಫಳಫಳ ಹೊಳೆಯುವಂತೆ ತಿಕ್ಕಿಬಿಟ್ಟೆ. ಕೈ ತೊಳೆಯುವಾಗ ಒಮ್ಮೆಲೇ ಹೊಳೆಯಿತು: ಕಂಪನಿಯವರು ಬಳಿದ ಮೂಲ ಬಣ್ಣ ಎಲ್ಲಕ್ಕಿಂತ ಕೆಳಗೆ ಇದ್ದಿರಬೇಕಲ್ಲ? ಅದನ್ನೂ ತಿಕ್ಕಿ ಮೋರಿಗೆ ಬಿಟ್ಟಿದ್ದೆ. ಅದು ಯಾವ ಬಣ್ಣ ಎಂದು ನೋಡಿಯೂ ಇರಲಿಲ್ಲ.

ಬಣ್ಣ ಹಚ್ಚಲಿಕ್ಕೆ ನಾನು ಗೊತ್ತು ಮಾಡಿದ್ದು ತಮ್ಮಣ್ಣಪ್ಪನನ್ನು. ಅವನು ಕಟ್ಟಿಗೆಯ ಹಣ್ಣು, ಕಾಯಿಪಲ್ಲೆ ಮಾಡಿ ಬಣ್ಣ ಹಚ್ಚುವ ನಮ್ಮೂರ ಗೊಂಬೆ ಕೆಲಸದವ. ಅವನು ಮಾಡಿದ ಬಾಳೆಹಣ್ಣನ್ನು ಸುಲಿಯಲಿಕ್ಕೆ ಹೋಗಿ ಉಗುರು ಮುರಿದುಕೊಂಡ ಬೀಗರು ನಮ್ಮಲ್ಲೇ ಇದ್ದಾರೆ. ಎಂಜಿನ್ ಎಂದರೆ ಅವನೇನೂ ಹೆದರಲಿಲ್ಲ. ಕಾವು ತಡೆಯುವ ಎಣ್ಣೆಬಣ್ಣ ನೀವು ತರಿಸಿರಿ, ಬೆರೆಸುವುದು ನನ್ನ ಕೆಲಸ ಎಂದ. ಆದರೆ ಒಂದು ಷರತ್ತು ಹಾಕಿದ.

"ಬಾಯಿಲೆ ಹೇಳಿದ ಬಣ್ಣ ನಾ ಹಚ್ಚಂಗಿಲ್ರಿ ಮಾಸ್ತರ. ಹಣ್ಣರ ಕೊಡ್ರಿ, ಕಾಯಿಯರ ಕೊಡ್ರಿ, ಕೈಯಾಗ ಕೊಡ್ರಿ."

ಅವರ ಮನೆತನದ ರೀತಿಯೇ ಅದು. ಎದುರಿಗೆ ಹಣ್ಣಿಟ್ಟುಕೊಂಡು ಅದನ್ನು ನೋಡಿ ಬಣ್ಣ ಕಲಸಬೇಕು. ಸರಿ, ಮಾವನವರಿಗೆ ಕಾಗದ ಬರೆದೆ. ಮೂಲ ಬಣ್ಣ ನೆನಪಿದ್ದರೆ ಅದಕ್ಕೆ ಹೋಲುವ ಯಾವುದಾದರೂ ಹಣ್ಣೋ ಕಾಯಿಯೋ ಕಳಿಸಬೇಕು ಎಂದು ವಿನಂತಿಸಿಕೊಂಡೆ. ನನ್ನ ತಿಕ್ಕಾಟದ ಸಂಗತಿಯನ್ನು ಮಾತ್ರ ಬರೆಯಲಿಲ್ಲ. ಮಾವನವರು ತಡ ಮಾಡಲಿಲ್ಲ. ತಮ್ಮ ಹಿತ್ತಲ ಪೇರಲ ಒಂದನ್ನು ಕಿತ್ತು ಚೀಟಿಯೊಂದಿಗೆ ತಮ್ಮ ಓಣಿಯ ಶಂಕ್ರಪ್ಪ ಕಾಕಾನ ಕೈಯಲ್ಲಿ ಕಳಿಸಿದರು. ಚೀಟಿಯಲ್ಲಿ ಎರಡೇ ಸಾಲು: ಬರೋಬರಿ ಇದೇ ಬಣ್ಣ, ಎಳ್ಳಷ್ಟೂ ಹೆಚ್ಚುಕಡಿಮೆ ಆಗಬಾರದು, ಬರುವ ಸೋಮವಾರ ಬಂದು ನೋಡುತ್ತೇನೆ.

ಕಾಕಾ ಹುಕ್ಕೇರಿಯಲ್ಲಿ ಬಸ್ಸು ಹತ್ತಿದವರು ಗೋಕಾಕದಲ್ಲಿ ಇಳಿಯಲಿಲ್ಲ. ಮೊದಲು ಮೂಡಲಗಿಯಲ್ಲಿದ್ದ ತಮ್ಮ ಮಗಳ ಮನೆಗೆ ಹೋಗಿ, ನಾಲ್ಕು ದಿನ ಉಂಡು, ಹೊರಳಿ ಬರುವಾಗ ನಮ್ಮಲ್ಲಿಗೆ ಬಂದರು. ಪೇರಲವನ್ನು ಧೋತರದ ಅಂಚಿನಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟು, "ಎಷ್ಟ ಜ್ವಾಕಿಂದ ತಂದೀನಿ ನೋಡ್ರಿ. ಪೆಟ್ಟ ಬೀಳಬಾರ್ದಂತ ಜ್ವಾಳದ ಚೀಲದಾಗ ಹುಗದ ಇಟ್ಟಿದ್ದೆ" ಎಂದರು. ಆಹಾ, ಎಂಥ ಹಳದಿ! ಅರಿಶಿನಕ್ಕೆ ಒಂದು ಹನಿ ಹಾಲು ಬಿದ್ದಂತೆ. ನಾನು ಕುಣಿಯುವುದೊಂದು ಬಾಕಿ. ಗಂಗವ್ವ ಮಾತ್ರ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ ತಿರುಗಿ ಕೊಟ್ಟಳು.

"ನಮ್ಮಪ್ಪ ಹಣ್ಣ ಪೇರಲ ಮುಟ್ಟಂಗಿಲ್ರಿ, ಉಪ್ಪು ಖಾರ ಹಚ್ಚಿ ಕಾಯಿನ ತಿಂತಾನ. ನಾಕ ದಿನಾ ಜ್ವಾಳದಾಗ ಇಟ್ರ ಹಣ್ಣಾಗದ ಇರತೈತೇನ್ರಿ?"

ಸಂತೆಯ ಮಾವಿನಕಾಯಿಯನ್ನು ಪ್ರತಿ ವರ್ಷ ನಾನೇ ಜೋಳದ ಚೀಲದಲ್ಲಿ ಹುಗಿದು ಹಣ್ಣು ಮಾಡಿ ತಿನ್ನುವವನು. ಆದರೂ, ಹಣ್ಣುಕಾಯಿಯ ವಿಚಾರ ಅಡುಗೆಮನೆಯದು, ಬಣ್ಣದ ವಿಚಾರ ನನ್ನದು ಎಂದುಬಿಟ್ಟೆ. ಆಕೆ ರೊಟ್ಟಿ ಬಡಿಯಲಿಕ್ಕೆ ಹೋದಳು.

ತಮ್ಮಣ್ಣಪ್ಪ ಪೇರಲವನ್ನು ಮುಂದಿಟ್ಟುಕೊಂಡು ಎರಡು ದಿನ ಕೆಲಸ ಮಾಡಿದ. ಅವನ ಕೈಗೆ ಬಂಗಾರದ ಕಡಗ ಹಾಕಬೇಕು. ಎಂಜಿನ್ ಯಾವುದು ಪೇರಲ ಯಾವುದು ತಿಳಿಯಬಾರದು, ಹಾಗೆ ಬಣ್ಣ ಕೂಡಿಸಿದ್ದ. ಪೇರಲದ ತೊಟ್ಟಿನ ಹತ್ತಿರ ನಾಲ್ಕು ಕಂದು ಚುಕ್ಕೆಗಳಿದ್ದವು. ಎಳ್ಳಷ್ಟೂ ಹೆಚ್ಚುಕಡಿಮೆ ಆಗಬಾರದು ಎಂದು ನಾನೇ ಓದಿ ಹೇಳಿದ್ದರಿಂದ ಅವನ್ನೂ ಎಂಜಿನ್ನಿನ ತಲೆಯ ಮೇಲೆ ಇಟ್ಟ. ಕೆಲಸ ಮುಗಿದ ಮೇಲೆ ಪೇರಲವನ್ನು ನಾನೇ ತಿಂದೆ. ಬಹಳ ಸಿಹಿಯಾಗಿತ್ತು.

ಸೋಮವಾರ ಮಾವನವರು ಬಂದರು. ಹಿಂದೆಯೇ ನನ್ನ ಷಡ್ಡಕ, ಅಳತೆಯ ದಾರವನ್ನು ಕಿಸೆಯಲ್ಲಿಟ್ಟುಕೊಂಡು. ನಾನು ಬಾನೆಟ್ಟಿಗೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಅದನ್ನು ಮೇಲಕ್ಕೆತ್ತಿದೆ. ಷಡ್ಡಕ ಹಿಂದಿನ ಸೀಟಿನ ಕಡೆ ನೋಡಿ ದಾರ ಹೊರಗೆ ತೆಗೆದ. ಮಾವನವರು ತಲೆಯ ರುಮಾಲು ಸರಿಮಾಡಿಕೊಂಡು, ಬಗ್ಗಿ, ಕಂದು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.

"ಅಳಿಯಾರ, ನಾ ಹಸರ ಕಾಯಿ ಕಳಿಸಿದ್ನೆಲ್ಲಾ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಗ ಹೊಸ್ತಿಲಲ್ಲಿ ನಿಂತಿದ್ದ ಗಂಗವ್ವ ಜೋಳದ ಚೀಲದ ಕಥೆಯನ್ನೂ, ತಾನು ಹೇಳಿದ್ದನ್ನೂ, ನಾನು ಕೇಳದೆ ಹೋದದ್ದನ್ನೂ ಒಂದೂ ಬಿಡದೆ ಅಪ್ಪನಿಗೆ ಒಪ್ಪಿಸಿದಳು. ಮಾವನವರು ನಕ್ಕರೆಂದರೆ ನಕ್ಕರು, ಮೊಣಕಾಲು ಹಿಡಿದುಕೊಂಡು ಕಟ್ಟೆಯ ಮೇಲೆ ಕೂತು ನಕ್ಕರು. ಆಮೇಲೆ ಕೋಟಿನ ಕಿಸೆಯಿಂದ ಕೀಲಿಕೈ ತೆಗೆದರು. ನಾನು ಕೈ ಮುಂದೆ ಮಾಡಿದೆ. ಅವರು ನನ್ನನ್ನು ದಾಟಿ ಹೊಸ್ತಿಲ ಕಡೆ ನಡೆದರು.

"ಗಾಡಿ ಇಲ್ಲೇ ಇರ್ಲಿ. ಕೀಲಿ ನಿನ್ನ ಕಡೆ ಇರ್ಲಿ, ಗಂಗವ್ವಾ."

ಮರುದಿನ ಗಂಗವ್ವ ಸಂತೆಗೆ ಹೋಗಿ ಒಂದು ಪೇರಲಕಾಯಿ ಆರಿಸಿ ತಂದಳು, ತಮ್ಮಣ್ಣಪ್ಪ ಹಳದಿಯ ಮೇಲೆ ಹಸಿರು ಹಚ್ಚಿದ. ಗಾಡಿ ಈಗಲೂ ನಮ್ಮ ಅಂಗಳದಲ್ಲಿದೆ. ಎಂಜಿನ್ ಕಾದು ಕಾದು ಅಲ್ಲಲ್ಲಿ ಹಸಿರು ಚಕ್ಕೆ ಎದ್ದು ಕೆಳಗಿನ ಹಳದಿ ಇಣುಕುತ್ತದೆ. ಅದನ್ನು ನೋಡಲಿಕ್ಕೆಂದೇ ಷಡ್ಡಕ ಮೂಡಲಗಿಯಿಂದ ಬಂದುಹೋಗುತ್ತಾನೆ. ಕೀಲಿ ಇರುವುದು ಗಂಗವ್ವನ ಸೆರಗಿನ ತುದಿಯಲ್ಲಿ. ನಾನು ಕೇಳಿದಾಗೆಲ್ಲ ಆಕೆ ಕೂಡಲೇ ಬಿಚ್ಚಿ ಕೊಡುವುದಿಲ್ಲ. ತಾನೇ ಆರಿಸಿ ತಂದು ಉಟ್ಟ ಸೀರೆಯ ಸೆರಗನ್ನು ನನ್ನ ಮುಂದೆ ಹಿಡಿದು, ಇದು ಯಾವ ಬಣ್ಣ ಹೇಳ್ರಿ ನೋಡೂಣು ಎನ್ನುತ್ತಾಳೆ. ನಾನು ಚಿತ್ರಕಲೆಯ ಮಾಸ್ತರ. ಕಣ್ಣಿಗೆ ಚಾಳೀಸು ಹಾಕಿಕೊಂಡು, ಸೆರಗನ್ನು ಬೆಳಕಿಗೆ ಹಿಡಿದು, ಚೆನ್ನಾಗಿ ಪರೀಕ್ಷಿಸಿ, ಕೊನೆಗೆ, "ನೀ ಹೇಳಿದ್ದ ಬಣ್ಣ" ಎನ್ನುತ್ತೇನೆ.