ಮೌಳಿಯ ಕ್ಷೇಮದೂತ

"ಅತ್ತಿಗೆ, ಇದೊಂದು ಕೊರಳಲ್ಲಿದ್ರೆ ನೀವು ಯಮಲೋಕಕ್ಕೂ ಒಬ್ಬರೇ ಹೋಗಿ ಬರಬಹುದು!"

ನನ್ನ ಮೈದುನ ಚಂದ್ರಮೌಳಿ ನಡುಮನೆಯಲ್ಲಿ ನಿಂತು ಹೀಗೆ ಘೋಷಿಸಿದಾಗ ಅವನ ಅಂಗೈಯಲ್ಲಿ ಕರಡಿಗೆಯಂಥ ಒಂದು ಬೆಳ್ಳಿ ಬಣ್ಣದ ಡಬ್ಬಿ ಇತ್ತು. ಹೆಸರು ಕ್ಷೇಮದೂತ. ಮೌಳಿಯ ಯಂತ್ರಗಳೆಂದರೆ ನನಗೆ ಸ್ವಲ್ಪ ಭಯ. ಹಿಂದೊಮ್ಮೆ ಅವನ ದೋಸೆ ಮಗುಚುವ ಯಂತ್ರ ಚಾವಣಿಗೆ ಅಂಟಿಸಿದ ದೋಸೆ ಇನ್ನೂ ಅಲ್ಲೇ ಇದೆ. ಆದರೆ ಈ ಸಲ ನನಗೆ ಬೇರೆ ದಾರಿಯಿರಲಿಲ್ಲ.

ನಾನು ತುಮಕೂರಿನ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರು. ಪಾಠಕ್ಕಿಂತ ಹಕ್ಕಿಗಳ ಹುಚ್ಚು ಹೆಚ್ಚು. ಮಧುಗಿರಿ ಕಡೆಯ ತೋಳನಕಲ್ಲು ಬೆಟ್ಟದಲ್ಲಿ ಹಳದಿ ಕೊರಳಿನ ಪಿಕಳಾರ ಎಂಬ ಹಕ್ಕಿಯಿದೆ. ಬಂಡೆಗಳ ನಡುವಿನ ಪೊದೆಗಳಲ್ಲಿ ವಾಸ, ಮಹಾ ನಾಚಿಕೆಯ ಪ್ರಾಣಿ. ಅದನ್ನು ನೋಡಲು ಮೂರು ಸಲ ಸಂಸಾರ ಸಮೇತ ಹೋಗಿದ್ದೆ. ಮೂರು ಸಲವೂ ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೇ ಹಕ್ಕಿ ಪರಾರಿ. ಈ ಸಲ ಒಬ್ಬಳೇ ಹೋಗುತ್ತೇನೆ, ನೋಡಿಯೇ ಬರುತ್ತೇನೆ ಎಂದು ಹಟ ಹಿಡಿದೆ.

ಬೆಟ್ಟದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಆಪತ್ತಿಗೆ ಏನಾದರೊಂದು ಸಾಧನ ಇಲ್ಲದೆ ಹೊಸಿಲು ದಾಟಕೂಡದು ಎಂದು ಅತ್ತೆ ಅಪ್ಪಣೆ ಮಾಡಿದರು. ನಮ್ಮ ಯಜಮಾನರು ವಾರಗಟ್ಟಲೆ ಅಧ್ಯಯನಕ್ಕೆ ಕೂತರು. ಉಪಗ್ರಹದ ಫೋನಿಗೆ ಸರ್ಕಾರದ ಪರವಾನಗಿ ಬೇಕಂತೆ, ಅದು ಬರುವಷ್ಟರಲ್ಲಿ ಹಕ್ಕಿಗೆ ಮೊಮ್ಮಕ್ಕಳಾಗಿರುತ್ತವೆ. ವಾಕಿಟಾಕಿ ಆದರೆ ಇನ್ನೊಂದನ್ನು ಹಿಡಿದು ಬೆಟ್ಟದ ಬುಡದಲ್ಲಿ ತಾವೇ ಕೂರುತ್ತೇನೆ ಎಂದರು. ಅವರು ಕೂತರೆ ಅತ್ತೆಯೂ ಕೂರುತ್ತಾರೆ, ಅತ್ತೆ ಕೂತರೆ ಪುಳಿಯೋಗರೆ ಬರುತ್ತದೆ. ಹಾಗಾಗಿ ಮೌಳಿಯೇ ಗತಿ ಎಂದಾಯಿತು.

ಅವನ ವಾದವೂ ತೆಗೆದುಹಾಕುವಂಥದ್ದಾಗಿರಲಿಲ್ಲ. ಅಂಗಡಿಯ ಸಾಧನಗಳಲ್ಲೆಲ್ಲ ಆಪತ್ತಿಗೆ ಒತ್ತುವ ಗುಂಡಿ ಇರುತ್ತದೆ, ಆದರೆ ನಮ್ಮ ಮನೆಯವರು ಒತ್ತುವ ಜನವೇ ಎಂದು ಕೇಳಿದ. ಮಾವನವರು ಸೊಂಟ ಮುರಿದುಕೊಂಡು ಆಸ್ಪತ್ರೆಯಿಂದ ಫೋನ್ ಮಾಡಿ, "ಏನೂ ಆಗಿಲ್ಲ, ಯಾರಿಗೂ ಹೇಳ್ಬೇಡಿ, ಯಾರೂ ಬರೋದು ಬೇಡ" ಅಂದಿದ್ದರು. ಹೀಗಾಗಿ ಕ್ಷೇಮದೂತನಿಗೆ ಗುಂಡಿಯೇ ಇಲ್ಲ. ನಮ್ಮ ಮನೆಯವರ ವರ್ಷಗಟ್ಟಲೆಯ ಫೋನ್ ಮಾತುಗಳನ್ನೆಲ್ಲ ಮೌಳಿ ಅದಕ್ಕೆ ಕಲಿಸಿದ್ದ. ಆಗಾಗ ತಾನೇ ಹೇಗಿದೀರಿ ಎಂದು ವಿಚಾರಿಸಿ, ಮಾತು ಕೇಳಿಯೇ ಅದು ಕ್ಷೇಮವೋ ಅಪಾಯವೋ ಹೇಳುತ್ತಿತ್ತು, ಅದೂ ಮೌಳಿ ತುಂಬಿಸಿಟ್ಟ ಅವನದೇ ಧ್ವನಿಯಲ್ಲಿ.

ಪರೀಕ್ಷೆ ಅಲ್ಲೇ ನಡೆಯಿತು. ಅತ್ತೆ ಮುಂದೆ ಹಿಡಿದಾಗ ಅವರು ರೂಢಿಯಂತೆ "ಅಯ್ಯೋ ಸತ್ತೆ, ಮಂಡಿ ಬಿದ್ದುಹೋಯ್ತು" ಎಂದು ನರಳಿದರು. ಡಬ್ಬಿಯಲ್ಲಿ ಹಸಿರು ದೀಪ! "ಎಲ್ಲ ಕ್ಷೇಮ" ಎಂದಿತು. ಅತ್ತೆಗೆ ಅವಮಾನವಾಯಿತು, ನಮಗೆಲ್ಲ ಆನಂದವಾಯಿತು. ಯಜಮಾನರು "ನಾನು ಚೆನ್ನಾಗಿದೀನಿ" ಎಂದರು. ಕೆಂಪು ದೀಪ, ಜೊತೆಗೆ ಗಂಟೆ! ಎಲ್ಲರೂ ಹಿಡಿದು ಕೇಳಿದ ಮೇಲೆ, ಬೆಳಗ್ಗೆ ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಒಪ್ಪಿಕೊಂಡು ಊದಿದ ಮೊಣಕೈ ತೋರಿಸಿದರು.

ಮೌಳಿ ಮೀಸೆ ತಿರುವಿದ. ಡಬ್ಬಿಯೊಳಗೆ ಜೇನುಹುಳದಷ್ಟು ಪುಟ್ಟ ಹಾರುವ ಯಂತ್ರಗಳೂ ಇದ್ದವು. ಅವು ಮರಿದೂತರು. ಅಪಾಯವೆಂದರೆ ಸಾಲಾಗಿ ಹಾರಿ, ಸಿಗ್ನಲ್ ಸಿಗುವ ತನಕ ಬಾಯಿಂದ ಬಾಯಿಗೆ ಸುದ್ದಿ ದಾಟಿಸುವುದು ಅವುಗಳ ಕೆಲಸ. ಮಾರನೇ ದಿನವೇ ಹೊರಟೆ.

ಬೆಟ್ಟ ಹತ್ತಿ ಒಂದು ಬಂಡೆಯ ನೆರಳಲ್ಲಿ ದುರ್ಬೀನು ಹಿಡಿದು ಕೂತೆ. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಬದುಕಿನಲ್ಲಿ ಅಷ್ಟು ಸುಖ ನಾನು ಕಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಾರೆ ಪೊದೆಯೊಳಗಿಂದ ಆ ಹಕ್ಕಿಯ ದನಿ ಕೇಳಿತು. ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಕೊರಳ ಡಬ್ಬಿಯಿಂದ ಮೌಳಿಯ ಧ್ವನಿ: "ಅತ್ತಿಗೆ, ಹೇಗಿದೀರಿ?"

"ತುಂಬಾ ಚೆನ್ನಾಗಿದೀನಿ" ಎಂದು ಪಿಸುಗುಟ್ಟಿದೆ.

ಕೆಂಪು ದೀಪ ಹತ್ತಿತು. ಮುಚ್ಚಳ ತೆರೆದು ಒಂದು ಮರಿದೂತ ಗುಂಯ್ ಎಂದು ಹಾರಿತು. ಧೈರ್ಯವಾಗಿರಬೇಕೆಂದೂ ಜನ ಬರುತ್ತಾರೆಂದೂ ಡಬ್ಬಿ ನನಗೆ ಸಮಾಧಾನ ಹೇಳಿತು. ನನಗೆ ಗಾಬರಿಯಾಯಿತು.

"ಏನೂ ಆಗಿಲ್ಲ ಕಣಪ್ಪ! ಯಾರಿಗೂ ಹೇಳ್ಬೇಡ. ಯಾರೂ ಬರೋದು ಬೇಡ."

ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಸೊಂಟ ಮುರಿದ ಮಾವನವರ ಮಾತೇ ಅಕ್ಷರಕ್ಕೆ ಅಕ್ಷರ! ಡಬ್ಬಿ "ಅತಿ ಗಂಭೀರ" ಎಂದು ಚೀರಿ ಎಲ್ಲ ಮರಿದೂತರನ್ನೂ ಒಟ್ಟಿಗೆ ಬಿಟ್ಟಿತು. ಅವು ಬೆಟ್ಟದ ಬುಡದ ಊರಿಗೆ ಇಳಿದು ಗುಡಿಯ ಮೈಕನ್ನೇ ಹಿಡಿದವು. ಭಜನೆ ನಿಂತು ಮೌಳಿಯ ಧ್ವನಿ ಊರಿಗೆಲ್ಲ ಕೇಳಿತು. "ಬೆಟ್ಟದ ಮೇಲೆ ನಮ್ಮತ್ತಿಗೆ ಇದಾರೆ. ಚೆನ್ನಾಗಿದೀನಿ ಅಂತಿದಾರೆ. ದಯವಿಟ್ಟು ಬೇಗ ಬನ್ನಿ!"

ಊರಿನವರು ಹಗ್ಗ, ಏಣಿ, ಕಂಬಳಿ ಹೊತ್ತು ಬಂದೇಬಿಟ್ಟರು. ಮುಂದೆ ಹನುಮಂತರಾಯಪ್ಪ ಎಂಬ ಹಿರಿಯರು. ಏನಾಯಿತೆಂದು ಕೇಳಿದರು. ಏನೂ ಆಗಿಲ್ಲವೆಂದೆ. ಅವರು ಉಳಿದವರ ಕಡೆ ತಿರುಗಿ ತಲೆಯಾಡಿಸಿದರು.

"ನಮ್ಮಪ್ಪನೂ ಹಾವು ಕಚ್ಚಿದಾಗ ಹಿಂಗೇ ಅಂದಿದ್ದು ಕಣಮ್ಮ. ಜೋಲಿ ಕಟ್ರಪ್ಪಾ."

ನಾನು ಕೂಗಾಡಿದೆ. ಚೆನ್ನಾಗಿದ್ದೇನೆ ಎಂದು ನಾನು ಆಣೆ ಹಾಕಿದಷ್ಟೂ ಡಬ್ಬಿ ಕೆಂಡವಾಗುತ್ತ ಹೋಯಿತು. ಕಂಬಳಿ ಜೋಲಿಯಲ್ಲಿ ನನ್ನನ್ನು ಮಲಗಿಸುವ ಪ್ರಯತ್ನ, ನಾನು ಎದ್ದು ಕೂರುವ ಪ್ರಯತ್ನ ನಡೆದಿರುವಾಗಲೇ, ಮರಿದೂತರ ಸುದ್ದಿ ಮುಟ್ಟಿದ್ದ ನಮ್ಮ ಮನೆಯವರು ಕಾರು ಮಾಡಿಕೊಂಡು ಬಂದು ಬೆಟ್ಟ ಹತ್ತಿದರು. ಯಜಮಾನರು, ಮೌಳಿ, ನಾದಿನಿಯ ಸಂಸಾರ, ಎಲ್ಲರ ಹಿಂದೆ ಪುಳಿಯೋಗರೆ ಡಬ್ಬಿಯೊಂದಿಗೆ ಅತ್ತೆ. ಆ ಗದ್ದಲಕ್ಕೆ ಹಕ್ಕಿ ಬೆಟ್ಟದ ಆಚೆ ಮಗ್ಗುಲಿಗೆ ಹೋಯಿತು. ನಾಲ್ಕನೇ ಸಲವೂ ಹೋಯಿತಲ್ಲ ಎಂದು ನನಗೆ ಅಳುವೇ ಬಂತು.

ಇದನ್ನು ಆರಿಸು ಎಂದು ಮೌಳಿಗೆ ಹೇಳಿದೆ. ಆಪತ್ತಿನಲ್ಲಿರುವವರು ತಪ್ಪಿ ಆರಿಸಿಬಿಟ್ಟರೆ ಕಷ್ಟವೆಂದು ಆರಿಸುವ ಏರ್ಪಾಡೇ ಇಟ್ಟಿಲ್ಲ ಎಂದು ಹೆಮ್ಮೆಯಿಂದ ಹೇಳಿದ! ಕೊರಳಿಂದ ತೆಗೆಯಲೂ ಬರದು, ಸರಪಳಿಗೆ ಹಾಕಿದ ಬೀಗದ ಕೈ ಮನೆಯಲ್ಲಿದೆ.

ಅಷ್ಟರಲ್ಲಿ ಅತ್ತೆ ನನ್ನ ಪಕ್ಕ ಕುಸಿದು ಕೂತು, ಮಂಡಿ ಹೋಯಿತು, ಪ್ರಾಣ ಹೋಯಿತು ಎಂದು ನರಳಿದರು. ಕೊರಳಲ್ಲಿ ಒಂದು ಗಳಿಗೆ ಹಸಿರು ಮಿನುಗಿತು. ಓಹೋ, ಇಷ್ಟೇನಾ ವಿಷಯ ಅನ್ನಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರುಮಾಡಿದೆ.

"ಅಯ್ಯೋ ಸತ್ತೆ! ಸೊಂಟ ಮುರೀತು, ತಲೆ ಸಿಡೀತಿದೆ, ಈ ಮನೇಲಿ ನನ್ನ ಕಷ್ಟ ಕೇಳೋರೇ ಇಲ್ಲವಲ್ಲಪ್ಪಾ!"

ದೀಪ ಪಚ್ಚೆ ಹಸಿರಾಯಿತು. "ಅತ್ತಿಗೆ ಕ್ಷೇಮ. ಎಲ್ಲರೂ ಮನೆಗೆ ಹೋಗಬಹುದು" ಎಂದಿತು ಡಬ್ಬಿ. ಅಷ್ಟು ಎತ್ತರ ಹತ್ತಿದವರು ಸುಮ್ಮನೆ ಇಳಿಯುತ್ತಾರೆಯೇ? ಅತ್ತೆ ಪುಳಿಯೋಗರೆ ಹಂಚಲು ಕೂತರು, ಹನುಮಂತರಾಯಪ್ಪನವರಿಗೇ ಮೊದಲ ತುತ್ತು.

ಆದರೆ ಮೌಳಿ ಇನ್ನೊಂದು ಬುದ್ಧಿವಂತಿಕೆ ಮಾಡಿದ್ದ. ಕಾಪಾಡಲು ಬಂದವರೇ ಬೆಟ್ಟದಲ್ಲಿ ಸಿಕ್ಕಿಹಾಕಿಕೊಳ್ಳಬಾರದೆಂದು, ಅವರನ್ನು ಕೆಳಗೆ ಮುಟ್ಟಿಸುವ ಹೊಣೆಯನ್ನೂ ಮರಿದೂತರಿಗೆ ವಹಿಸಿದ್ದ. ಅವೆಲ್ಲ ಒಟ್ಟಾಗಿ ಬಂದು ಪ್ರತಿಯೊಬ್ಬರ ಕಿವಿಯ ಬಳಿ ಗುಂಯ್‌ಗುಟ್ಟಿ "ನಡೀರಿ, ನಡೀರಿ" ಎನ್ನತೊಡಗಿದವು. ಯಾರೋ "ಹೆಜ್ಜೇನು ಎದ್ದಿತು!" ಎಂದು ಕೂಗಿದರು. ಅಷ್ಟೇ ಸಾಕಾಯಿತು. ಕಂಬಳಿ ಮುಸುಕು ಹಾಕಿಕೊಂಡು ಇಡೀ ಜನ ಇಳಿಜಾರಿನಲ್ಲಿ ದೌಡು. ಮಂಡಿಯಿಲ್ಲದ ಅತ್ತೆ ಎಲ್ಲರಿಗಿಂತ ಮುಂದಿದ್ದರು.

ಮೌಳಿ ಮಾತ್ರ ತನ್ನ ದೂತರನ್ನು ಹಿಡಿಯಲು ಹೋಗಿ ಬಂಡೆಯಿಂದ ಜಾರಿ ಕಾಲು ಉಳುಕಿಸಿಕೊಂಡ. ಮುಖ ಕಿವುಚಿಕೊಂಡು, "ಏನಿಲ್ಲ ಅತ್ತಿಗೆ, ಚೆನ್ನಾಗಿದೀನಿ" ಎಂದ. ಕೆಂಪು ದೀಪ! ಈ ಸಲ ಯಂತ್ರ ಸರಿಯಾಗಿಯೇ ಹೇಳಿತ್ತು. ಮರಿದೂತರು ಊರಿನವರನ್ನು ವಾಪಸ್ಸು ಕರೆತಂದರು. ಅವನು ಬೇಡ ಬೇಡ ಎಂದಷ್ಟೂ ಜೋಲಿಯನ್ನು ಬಿಗಿಯಾಗಿ ಕಟ್ಟಿ ಹೊತ್ತುಕೊಂಡು ಹೋದರು.

ಬೆಟ್ಟ ನಿಶ್ಶಬ್ದವಾಯಿತು. ನಾನು ಅಲುಗಾಡದೆ ಕೂತೆ. ಬಿಸಿಲು ವಾಲುವ ಹೊತ್ತಿಗೆ ಹಳದಿ ಕೊರಳಿನ ಪಿಕಳಾರ ಬಂದು ಎದುರಿನ ಬಂಡೆಯ ಮೇಲೆ, ದುರ್ಬೀನು ಬೇಡದಷ್ಟು ಹತ್ತಿರ ಕೂತು, ನನ್ನನ್ನೇ ನೋಡಿ, ಕೊರಳುಬ್ಬಿಸಿ ಹಾಡಿತು. ನನಗೆ ಕಣ್ಣು ತುಂಬಿ ಬಂತು. ಡಬ್ಬಿ ಹೇಗಿದೀರಿ ಎಂದು ಕೇಳಿದಾಗ ಹಲ್ಲು ನೋವೆಂದು ಮೆಲ್ಲಗೆ ಹೇಳಿ ಬಾಯಿ ಮುಚ್ಚಿಸಿದೆ.

ಬರುವ ತಿಂಗಳು ಇನ್ನೊಂದು ಬೆಟ್ಟಕ್ಕೆ ಹೊರಟಿದ್ದೇನೆ. ಯಜಮಾನರು ಹೊಸ ಸಾಧನಗಳ ಅಧ್ಯಯನ ಶುರುಮಾಡಿದ್ದರು. ಏನೂ ಬೇಡ, ಕ್ಷೇಮದೂತನೇ ಇರಲಿ ಎಂದೆ. ಆಪತ್ತಿಗೆ ಜನರನ್ನು ಕರೆಯುವ ಸಾಧನ ಯಾವ ಅಂಗಡಿಯಲ್ಲಾದರೂ ಸಿಕ್ಕೀತು, ಬಂದ ನೆಂಟರನ್ನು ಬೆಟ್ಟ ಇಳಿಸುವ ಸಾಧನ ಇದೊಂದೇ.