ಅಪ್ಪನ ಸೈಟು, ನನ್ನ ಸರ್ವೆ

ನಮ್ಮನೇಲಿ ಇನ್ವೆಸ್ಟ್‌ಮೆಂಟ್ ಅನ್ನದೆ ಯಾರೂ ಏನೂ ಕೊಂಡ್ಕೊಳ್ಳಲ್ಲ. ಅಮ್ಮ ಶಿವಾಜಿನಗರದಿಂದ ಹಂಡೆಯಷ್ಟು ದೊಡ್ಡ ಕುಕ್ಕರ್ ಹೊತ್ಕೊಂಡು ಬಂದ್ರೆ ಅದು ಇನ್ವೆಸ್ಟ್‌ಮೆಂಟು. ಅಕ್ಕನ ಫೇಸ್‌ಕ್ರೀಮೂ ಇನ್ವೆಸ್ಟ್‌ಮೆಂಟೇ. ಫ್ರೇಜರ್ ಟೌನಿನ ನನ್ನ ಫ್ರೆಂಡ್ ಸಲೀಮ್ ಒಂದು ಹುಡುಗೀಗೆ ಇಡೀ ರಂಜಾನ್ ಸಮೋಸಾ ಕೊಡಿಸಿದ್ದ. ಅವಳು ಇನ್ಯಾರದೋ ಬೈಕ್ ಹತ್ತಿದ ದಿನ, "ಇನ್ವೆಸ್ಟ್‌ಮೆಂಟೆಲ್ಲಾ ಮುಳುಗ್ತು ಮಗಾ" ಅಂದ. ಅಪ್ಪಂಗೆ ಮಾತ್ರ ಆ ಮಾತಿಗೆ ಒಂದೇ ಅರ್ಥ, ಸೈಟು. ರಿಟೈರಾಗಿ ಫ್ಯಾಕ್ಟರಿ ಕ್ವಾರ್ಟರ್ಸ್ ಬಿಡೋಷ್ಟರಲ್ಲಿ ಸ್ವಂತ ಮನೆ ಆಗ್ಬೇಕು ಅಂತ ಕೆ.ಆರ್. ಪುರಂ ಆಚೆ ಒಂದು ತಗೊಂಡಿದ್ರು.

ತಗೊಂಡ ಮೇಲೆ ನೋಡ್ಕೋಬೇಕಲ್ಲ, ಇಲ್ದಿದ್ರೆ ಇನ್ಯಾರಾದ್ರೂ ಬೇಲಿ ಹಾಕ್ಬಿಡ್ತಾರೆ. ಹಾಗಾಗಿ ಭಾನುವಾರ ಚಿತ್ರಾನ್ನ ಕಟ್ಕೊಂಡು ಬಸ್ ಹತ್ತೋದು, ಗಿಡಗಂಟಿ ಕಿತ್ತು ಪಕ್ಕದ ಗುಂಡಿಗೆ ಎಸೆಯೋದು, ಮೂಲೆಕಲ್ಲಿಗೆ ಸುಣ್ಣ ಬಳಿಯೋದು. ನಾನೊಂದು ತೆಂಗಿನ ಸಸಿನೂ ನೆಟ್ಟಿದ್ದೆ. ಸೈಟ್ ಗುರುತು ಹಿಡಿದಿದ್ದೂ ನಾನೇ. ಫುಟ್‌ಪಾತಲ್ಲಿ ಸಿಕ್ಕ ಸರ್ವೆ ಪುಸ್ತಕ ಓದಿ, ಟೇಪ್ ಇಲ್ದೆ ಮನೆ ಬಿಡ್ತಾನೇ ಇರ್ಲಿಲ್ಲ. ಲೇಔಟ್ ಪ್ಲ್ಯಾನ್ ಬಿಡಿಸಿ, ಸಾಲಲ್ಲಿ ನಾಲ್ಕನೇದು ನಮ್ದು ಅಂತ ಅಳೆದು ಹೇಳಿದ್ದೆ. ಅಪ್ಪ ಜೀವನದಲ್ಲಿ ನನ್ನನ್ನ ನಂಬಿದ್ದು ಅದೊಂದು ಸಲ.

ಗುದ್ದಲಿ ಪೂಜೆ ದಿನ ಪುರೋಹಿತರು ಇನ್ನೇನು ಕಾಯಿ ಒಡೀಬೇಕು, ಸ್ಕೂಟರಲ್ಲಿ ಒಬ್ರು ಬಂದ್ರು. ರಿಚರ್ಡ್ಸ್ ಟೌನಿನ ಜೋಸೆಫ್ ಅಂತೆ.

"ಯಾರ್ ಸಾರ್ ನೀವು? ನನ್ ಸೈಟಲ್ಲಿ ಪೂಜೆ ಯಾಕೆ?"

ಪ್ಲ್ಯಾನ್ ತೆಗೆದು ನೋಡಿದ್ವಿ. ಸಾಲಿನ ಶುರುವಲ್ಲೇ ಪಾರ್ಕ್ ಅಂತ ಬಿಟ್ಟಿದ್ದ ಜಾಗ ಸೈಟಿನಷ್ಟೇ ಇತ್ತು. ನಾನು ಅದನ್ನೂ ಸೇರಿಸಿ ಎಣಿಸಿದ್ದೆ. ಇಷ್ಟು ವರ್ಷ ನಾವು ಗುಡಿಸಿ ಸುಣ್ಣ ಬಳಿದಿದ್ದು ಜೋಸೆಫ್ ಅವರ ಸೈಟು. ನಮ್ಮದು ಪಕ್ಕದ ಗುಂಡಿ.

"ಲೇಔಟಿನವರೇ ಕ್ಲೀನ್ ಮಾಡಿಸ್ತಾರೆ ಅಂದ್ಕೊಂಡಿದ್ದೆ. ಸಸಿ ಚೆನ್ನಾಗಿ ಬಂದಿದೆ, ಥ್ಯಾಂಕ್ಸ್," ಅಂದ್ರು ಜೋಸೆಫ್.

"ಮುಹೂರ್ತ ಮೀರ್ತಿದೆ. ಯಾವ ಸೈಟು ಅಂತ ಬೇಗ ಹೇಳಿ," ಅಂದ್ರು ಪುರೋಹಿತರು.

"ರೀ, ಆ ಮುಳ್ಳಿನ ಮೇಲೆ ಮಣೆ ಎಲ್ಲಿಡ್ಲಿ?" ಅಂದ್ರು ಅಮ್ಮ.

ಅಪ್ಪ ಬೈಲಿಲ್ಲ. ಅರಿಶಿನ ಕುಂಕುಮ ಹಚ್ಚಿದ್ದ ಗುದ್ದಲಿನ ನನ್ನ ಕೈಗಿಟ್ಟು, "ಹಾಕಿದ್ದು ನೀನೇ ಅಲ್ವಾ, ತೆಗಿ" ಅಂದ್ರು.

ಹೊಸ ಪಂಚೆ ಮಂಡಿವರೆಗೆ ಎತ್ತಿ ಕಟ್ಟಿ ಗುಂಡಿಗೆ ಇಳಿದು, ಮಣೆ ಇಡೋಷ್ಟು ಜಾಗ ಮಾಡಿದೆ. ಪೂಜೆ ಅಲ್ಲೇ ಮುಗೀತು. ಜೋಸೆಫ್ ಅಂಕಲ್ ಪ್ರಸಾದ ತಗೊಂಡು ಮೆಲ್ಲಗೆ ನನ್ನ ಪಕ್ಕ ಬಂದ್ರು. "ತಮ್ಮಾ, ಹೊಸಕೋಟೆ ಕಡೆ ನಂದು ಇನ್ನೊಂದು ಸೈಟಿದೆ. ಭಾನುವಾರ ಬಿಡುವಿದ್ರೆ ನೋಡ್ಕೋತೀಯಾ?"

ಅಪ್ಪ ನಮ್ಮನ್ನೇ ನೋಡ್ತಿದ್ರು, ಸುಮ್ನಾದೆ. ಇಲ್ದಿದ್ರೆ ಪ್ಲ್ಯಾನ್ ಇದ್ಯಾ ಅಂಕಲ್ ಅಂತ ಕೇಳೋನಿದ್ದೆ.