ಮೇಡಂ ಚರಂಡಿ ನೋಡಲು ಬಂದ ದಿನ

ಆ ಶನಿವಾರ ಬೆಳಿಗ್ಗೆ ಮಧ್ವೇಶ ಮಾಡಿದ ತಪ್ಪು ಒಂದೇ. ಮನೆ ಓನರ್ ರಾಧಮ್ಮ ಕೇಳಿದ್ದಕ್ಕೆ ನಿಜ ಹೇಳಿಬಿಟ್ಟ.

ಅವನು ಗೇಟಿನ ಹೊರಗೆ, ಚರಂಡಿಯ ಅಂಚಿನಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ. ರಾಧಮ್ಮ ತುಳಸಿಗೆ ನೀರು ಹಾಕುತ್ತ ಕಿವಿಯನ್ನು ಈ ಕಡೆಗೆ ಬಿಟ್ಟಿದ್ದರು.

"ಯಾರಪ್ಪಾ ಬರ್ತಿರೋದು?"

"ನಮ್ಮ ಗೈಡು, ಗಂಗಾದೇವಿ ಮೇಡಂ. ಸಾಯಂಕಾಲ ಬೆಂಗಳೂರಿಂದ ಬರ್ತಾರೆ."

"ನಿಮ್ಮ ಮನೆಗಾ?"

"ಇಲ್ಲ, ಚರಂಡಿಗೆ. ನಮ್ಮ ಬೀದಿ ಚರಂಡಿ ನೋಡೋಕೆ."

ರಾಧಮ್ಮನ ಚೊಂಬು ಅರ್ಧ ಬಗ್ಗಿದ ಹಾಗೇ ನಿಂತಿತು. ಮಧ್ವೇಶನಿಗೆ ಅದು ಕಾಣಲಿಲ್ಲ. ಅವನು ಬೈಕು ಹತ್ತಿ ಕಾಲೇಜಿಗೆ ಹೋಗಿಬಿಟ್ಟ.

ಮಧ್ವೇಶ ತಮಿಳುನಾಡಿಗೆ ಸೇರಿದ ಹೊಸೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಮೇಷ್ಟರು. ಡಾಕ್ಟರೇಟಿಗಾಗಿ ವರ್ಷಗಳಿಂದ ಅದೇ ಚರಂಡಿಯ ನೀರನ್ನು ಬಾಟಲಿಗಳಲ್ಲಿ ತುಂಬಿಸುತ್ತಿದ್ದ. ಬೀದಿಯ ಮೇಲ್ಗಡೆ ಒಂದು ಕ್ಲಿನಿಕ್ಕು, ಕೆಳಗೆ ದನದ ಕೊಟ್ಟಿಗೆ, ನಡುವೆ ಮನೆಗಳು. ಎಲ್ಲರ ಔಷಧಿ, ಸಗಣಿ, ಸೋಪಿನ ನೀರು ಸೇರುವ ಆ ಕೊಳಕಿನಲ್ಲಿ ಬ್ಯಾಕ್ಟೀರಿಯಾಗಳು ದೊಡ್ಡ ಸಂಸಾರ ಹೂಡಿದ್ದವು. ಒಂದು ಬ್ಯಾಕ್ಟೀರಿಯಾಕ್ಕೆ ಔಷಧಿಯಿಂದ ತಪ್ಪಿಸಿಕೊಳ್ಳುವ ಉಪಾಯ ಸಿಕ್ಕಿದರೆ ಅದು ಸಂತಾನಕ್ಕೆ ಮಾತ್ರ ಕೊಟ್ಟು ಸುಮ್ಮನಾಗುವುದಿಲ್ಲ. ಪಕ್ಕದಲ್ಲಿ ತೇಲಿಹೋಗುವ ಬೇರೆ ಜಾತಿಯದಕ್ಕೂ ದಾಟಿಸಬಲ್ಲದು. ಆ ಉಪಾಯವನ್ನು ಹೊತ್ತ ಡಿಎನ್‌ಎ ತುಂಡು ಜಾಗದಿಂದ ಜಾಗಕ್ಕೆ ಹಾರುತ್ತದೆ, ದಾರಿಯಲ್ಲಿ ಸಿಕ್ಕಿದ ಇತರ ತುಂಡುಗಳನ್ನು ಮೈಗಂಟಿಸಿಕೊಂಡು ಬೆಳೆಯುತ್ತದೆ. ಮಧ್ವೇಶ ಹಿಂಬಾಲಿಸುತ್ತಿದ್ದದ್ದು ಅಂಥ ಒಂದು ತುಂಡನ್ನು. ಮೊದಲು ಕಂಡಾಗ ಅದು ಒಂದೇ ಔಷಧಿಯನ್ನು ತಡೆಯುತ್ತಿತ್ತು. ಈಗ ಬಲಿತು, ಮೆಡಿಕಲ್ ಶಾಪಿನ ಅರ್ಧ ಬೀರುವನ್ನೇ ಲೆಕ್ಕಿಸುತ್ತಿರಲಿಲ್ಲ.

ಇನ್ನೊಂದೇ ಬಾಟಲಿ ತುಂಬಬೇಕಿತ್ತು. ಮೇಡಂ ಫೋನಿನಲ್ಲಿ, "ನಾನು ಬರೋವರೆಗೂ ತುಂಬಬೇಡ" ಎಂದಿದ್ದರು. ತಾಜಾ ನೀರು ಬೇಕೇನೋ ಎಂದು ಅವನು ಎಣಿಸಿದ. ಆ ಬಾಟಲಿ ತುಂಬಿ ಪ್ರಬಂಧ ಮುಗಿದರೆ ಕಾಲೇಜಿನಲ್ಲಿ ಕೆಲಸ ಖಾಯಂ. ಹೆಂಡತಿ ಮಾಧವಿಗೂ ಬಿಡುಗಡೆ. ಮದುವೆಯಾದಾಗಿನಿಂದ ಅವಳು ಚರಂಡಿಗೆ ಮೈ ತಾಗಿಸಿಕೊಂಡ ಆ ಮನೆಯಲ್ಲಿ ಕಿಟಕಿ ತೆಗೆಯದೆ ಅಡುಗೆ ಮಾಡಿದ್ದಳು. ತೊರಪಲ್ಲಿ ರಸ್ತೆಯಲ್ಲಿ ಗಾಳಿಯಾಡುವ ಮನೆಯೊಂದನ್ನು ನೋಡಿಟ್ಟಿದ್ದಳು.

ಮಧ್ಯಾಹ್ನ ಅವಳ ಫೋನು ಬಂತು.

"ಬೇಗ ಬನ್ನಿ. ನಿಮ್ಮ ಚರಂಡಿಗೆ ಸ್ನಾನ ಮಾಡಿಸ್ತಿದಾರೆ."

ಮಧ್ವೇಶ ಬಂದು ನೋಡುತ್ತಾನೆ, ಬೀದಿಯ ಉದ್ದಕ್ಕೂ ಬ್ಲೀಚಿಂಗ್ ಪೌಡರು ಇಡ್ಲಿಹಿಟ್ಟು ಚೆಲ್ಲಿದಂತೆ ಬಿದ್ದಿದೆ. ನಡುವೆ ವೆಂಕಟಾಚಲ ಟೋಪಿ ಹಾಕಿಕೊಂಡು, ಕೋಲು ಹಿಡಿದು ನಿಂತಿದ್ದರು. ಅವರು ವಾಚು ಫ್ಯಾಕ್ಟರಿಯ ನಿವೃತ್ತ ಸೂಪರ್‌ವೈಸರು, ಬೀದಿಯ ಸಂಘದ ಅಧ್ಯಕ್ಷರು. ರಾಧಮ್ಮ ಅವರಿಗೆ ಹೇಳಿದ್ದು ಬೆಂಗಳೂರಿನ ಮೇಡಂ ಎಂದು. ಅವರು ಮುಂದಿನ ಮನೆಗೆ ಹೇಳುವಾಗ ಮೇಡಂ ಆರೋಗ್ಯ ಇಲಾಖೆಗೆ ಸೇರಿದ್ದರು. ಸುದ್ದಿ ಬೀದಿಯ ತುದಿ ಮುಟ್ಟುವ ಹೊತ್ತಿಗೆ ಮೇಡಂ ಚೆನ್ನೈನಿಂದ ಕೆಂಪು ದೀಪದ ಕಾರಿನಲ್ಲಿ ಹೊರಟಿದ್ದರು.

"ಸಾರ್, ಏನಿದು?"

"ನಿಮ್ಮ ಮೇಡಂ ಎದುರಿಗೆ ನಮ್ಮ ಬೀದಿ ಮಾನ ಹೋಗಬಾರದಲ್ಲಪ್ಪ."

"ಸಾರ್, ನನಗೆ ಕೊಳಕೇ ಬೇಕು."

"ನಿಮ್ಮ ವಿನಯ ನನಗೆ ಗೊತ್ತು. ಸುಮ್ಮನಿರಿ."

"ವಿನಯ ಅಲ್ಲ ಸಾರ್. ಕೊಳಕು ನೋಡೋಕೇ ಅವರು ಬರೋದು."

"ಅದಕ್ಕೇ ತೆಗೆಸ್ತಿದೀನಿ. ಏನೂ ಸಿಗಬಾರದು ಅವರಿಗೆ."

ಮಧ್ವೇಶ ಚೀಲ ಹೊತ್ತಿದ್ದ ಕೂಲಿಯಾಳು ದೇವರಾಜುವಿನ ಕೈ ಹಿಡಿದುಕೊಂಡ. "ಪ್ರೆಸಿಡೆಂಟ್ ಸೊಲ್ಲಿಟ್ಟಾರು, ನಾ ಎನ್ನ ಪಣ್ಣ ಸಾರ್" ಎಂದು ಅವನು ತಮಿಳಿನಲ್ಲಿ, ಅಧ್ಯಕ್ಷರೇ ಹೇಳಿದ ಮೇಲೆ ತಾನೇನು ಮಾಡಲಿ ಎಂದು ಜವಾಬ್ದಾರಿ ಕಳಚಿಕೊಂಡು ಇನ್ನೊಂದು ಬೊಗಸೆ ಎರಚಿದ.

ಮಧ್ವೇಶ ಕ್ಲಿನಿಕ್ಕಿನ ಕಡೆಗೆ ಓಡಿದ. ಅಲ್ಲಿ ರಾಧಮ್ಮ ಹೆಂಗಸರನ್ನು ಕಟ್ಟಿಕೊಂಡು ಫಿನಾಯಿಲು ಸುರಿಸುತ್ತಿದ್ದರು. ಚರಂಡಿಯ ಚಪ್ಪಡಿಗಳ ಮೇಲೆ ಕೆಮ್ಮಣ್ಣು ಬಳಿದು ರಂಗೋಲಿಯನ್ನೂ ಹಾಕಿದ್ದರು.

"ರಾಧಮ್ಮನವ್ರೇ, ಇದರೊಳಗಿರೋದನ್ನೆಲ್ಲ ಕೊಂದುಬಿಟ್ರಿ."

"ಕೊಲ್ಲದೆ ಸಾಕೋಕಾಗತ್ತಾ? ನಿನ್ನ ಹೆಂಡ್ತಿ ಕಿಟಕಿ ತೆಗೆಯೋದು ಯಾವಾಗ?"

ಮಧ್ವೇಶ ಬ್ಯಾಗಿನಿಂದ ಖಾಲಿ ಬಾಟಲಿ ತೆಗೆದ. ಬೇರೆ ಚರಂಡಿಯ ನೀರು ತಂದರಾಯಿತು ಎನ್ನುವಂತೆಯೂ ಇಲ್ಲ. ಹಿಂದಿನ ಬಾಟಲಿಗಳೆಲ್ಲ ಇದೇ ಚರಂಡಿಯವು. ಇಷ್ಟು ವರ್ಷದ ಕತೆಯ ಕೊನೆಯ ಪುಟವನ್ನು ಪಕ್ಕದ ಬೀದಿಯಿಂದ ತಂದು ಅಂಟಿಸಲಾಗುತ್ತದೆಯೇ? ತಲೆ ಕೆಟ್ಟು, ಬಾಟಲಿ ಹಿಡಿದುಕೊಂಡು ಅವನು ಕೆಳಗಿನ ತುದಿಗೆ ಓಡಿದ. ಅಲ್ಲಿ ಮುನಿಶಾಮಪ್ಪನ ಕೊಟ್ಟಿಗೆ ಇತ್ತು. ಸುತ್ತಲಿನ ಹೊಲಗಳೆಲ್ಲ ಸೈಟುಗಳಾದ ಮೇಲೂ ಮುನಿಶಾಮಪ್ಪ ಹಸುಗಳನ್ನು ಮಾರದೆ ಬೀದಿಯವರ ಬೈಗುಳ ತಿನ್ನುತ್ತ ಉಳಿದಿದ್ದ. ಕೊಟ್ಟಿಗೆಯ ಹಿಂದೆ ಚರಂಡಿ ಮೊಣಕೈಯಂತೆ ತಿರುಗುತ್ತಿತ್ತು. ಮೇಲಿನ ಬಿಳಿ ನೀರು ಇನ್ನೂ ತಲುಪದ ಆ ಮೂಲೆಯಲ್ಲಿ ನೀರು ಕಪ್ಪಗೆ, ಗಟ್ಟಿಯಾಗಿ, ರಾಗಿ ಗಂಜಿಯ ಹಾಗೆ ನಿಂತಿತ್ತು. ಮಧ್ವೇಶನಿಗೆ ಅದನ್ನು ಕಂಡು ಕಣ್ಣು ತುಂಬಿ ಬಂತು.

"ಯಾಕ್ ಮೇಷ್ಟ್ರೇ ಹಿಂಗ್ ಓಡ್ ಬತ್ತಾ ಇದ್ದೀರಾ?"

"ಮುನಿಶಾಮಪ್ಪ, ಇದನ್ನ ಯಾರೂ ಮುಟ್ಟದ ಹಾಗೆ ನೋಡ್ಕೋಬೇಕು. ಇದರಲ್ಲಿ ಅಮೂಲ್ಯವಾದದ್ದಿದೆ."

ಮುನಿಶಾಮಪ್ಪ ಬಗ್ಗಿ ನೋಡಿದ. "ನನ್ ಹಸೀಂದ್ ಸಗಣಿ ಐತೆ."

ಮಧ್ವೇಶ ಉಸಿರು ಸುಧಾರಿಸಿಕೊಂಡು ಹಾರುವ ತುಂಡಿನ ಕತೆಯನ್ನು ಹೇಳಿದ. ಮುನಿಶಾಮಪ್ಪ ಬೀಡಿ ಹಚ್ಚುವುದನ್ನೂ ಮರೆತು ಕೇಳಿದ.

"ಅಂದ್ರೆ ಮಗ ಅಲ್ಲ, ಅಳಿಯ ಅಲ್ಲ, ಪಕ್ಕದಾಗ್ ಕೂತೋನ್ಗೆ ಆಸ್ತಿ ಬರ್ದುಕೊಟ್ಬುಡ್ತವೆ ಅನ್ನಿ."

"ಹಾಗೇ ಅಂದ್ಕೊಳ್ಳಿ."

"ಮನುಸ್ರಿಗಿಂತ ವಾಸಿ. ನಮ್ಮಣ್ಣ ಒಂದ್ ಬದು ಬಿಟ್ಕೊಡ್ಲಿಲ್ಲ."

ಅಷ್ಟರಲ್ಲಿ ವೆಂಕಟಾಚಲ ಸೈನ್ಯದೊಂದಿಗೆ ಬಂದರು. ಮುನಿಶಾಮಪ್ಪ ಅಡ್ಡ ನಿಂತ.

"ಲೇ ದೇವರಾಜು, ಈ ಕಡೀಕೆ ಕಾಲಿಟ್ಟೀಯ ನೋಡ್ಲಾ. ಹಸು ಹಾಯ್ದ್ರೆ ನಾನು ಜವಾಬ್ದಾರ ಅಲ್ಲ ಕಣ್ಲಾ."

"ಮುನಿಶಾಮಪ್ಪ, ಬೀದಿ ಮರ್ಯಾದೆ ಪ್ರಶ್ನೆ" ಎಂದರು ವೆಂಕಟಾಚಲ.

"ನನ್ ಹಸೀನ್ ಮರ್ಯಾದೇನೂ ಐತೆ ಬುದ್ದಿ. ಈಟ್ ದಿನ ಇದ್ರ ವಾಸ್ನೆ ಅಂತ ಬೈತಿದ್ರಿ. ಇವತ್ತು ಬೆಂಗಳೂರೋರು ಇದ್ನೇ ಹುಡೀಕಂಡ್ ಬತ್ತಾ ಅವ್ರೆ."

ಮಾತಿಗೆ ಮಾತು ಬೆಳೆಯಿತು. ಮಧ್ವೇಶ ಪ್ಯಾಂಟನ್ನು ಲೆಕ್ಕಿಸದೆ ಚರಂಡಿಯ ಅಂಚಿನಲ್ಲಿ ಮೊಟ್ಟೆಗೆ ಕೂತ ಕೋಳಿಯಂತೆ ಕೂತುಬಿಟ್ಟ. ಯಾರೋ ಎರಚಿದ ಪುಡಿ ಅವನ ತಲೆಯ ಮೇಲೆ ಬಿತ್ತು. ನೀರಿಗೆ ಬೀಳಲಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡ.

ಹಾಗೆ ಕೂತಿದ್ದಾಗಲೇ ಗಂಗಾದೇವಿ ಮೇಡಂ ಬಂದರು. ಕೆಂಪು ದೀಪವಿಲ್ಲದೆ, ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ. ವೆಂಕಟಾಚಲ ತಂದ ಹಾರವನ್ನು ಏನೂ ತಿಳಿಯದೆ ಹಾಕಿಸಿಕೊಂಡು, "ಇದೇನು ಮಧ್ವೇಶ, ಬೀದಿಯೆಲ್ಲ ಆಪರೇಷನ್ ಥಿಯೇಟರಿನ ಹಾಗೆ ನಾರ್ತಿದೆ?" ಎಂದರು.

"ಇಲ್ಲೊಂದು ಮೂಲೆ ಉಳಿಸಿದೀನಿ ಮೇಡಂ" ಎಂದು ಅವನು ಬಾಟಲಿ ಅದ್ದಿ ತುಂಬಿ ಎತ್ತಿಕೊಟ್ಟ.

ಮೇಡಂ ಮೂಸಿ ನೋಡಿದರು. ಹುಬ್ಬು ಮೇಲೇರಿತು. "ಇದಕ್ಕೂ ಏನೋ ಹಾಕಿದಾರಲ್ಲ."

ಮಧ್ವೇಶ ಮುನಿಶಾಮಪ್ಪನ ಮುಖ ನೋಡಿದ.

"ನಮ್ ಕರಿ ಹಸೀಗ್ ಕಾಲ್ ಹುಣ್ಣಾಗಿತ್ತು. ಹಸೀನ್ ಡಾಕ್ಟ್ರು ಕೊಟ್ಟಿದ್ ಔಸ್ದಿ ನೀರು. ಹದ್ನೈದ್ ದಿನದಿಂದ ದಿನಾ ಕೊಟ್ಟಿಗೆ ತೊಳ್ದು ಇಲ್ಲಿಗೇ ಬುಡ್ತಾ ಇವ್ನಿ."

"ಮೊದಲೇ ಹೇಳಬಾರದಾಗಿತ್ತಾ?"

"ಯಾರೂ ಮುಟ್ಬಾರ್ದು ಅಂದ್ರಿ, ಮುಟ್ಟಕ್ಕೆ ಬುಡ್ಲಿಲ್ಲ. ನಾನೇನ್ ಬುಟ್ಟಿವ್ನಿ ಅಂತ ನೀವು ಕೇಳ್ನಿಲ್ಲ."

ಮಧ್ವೇಶ ತಲೆಯ ಮೇಲಿನ ಪುಡಿಯನ್ನು ಕೂಡ ಕೊಡವಿಕೊಳ್ಳದೆ ನಿಂತ. "ಮೇಡಂ, ಕೊನೇ ಬಾಟಲಿ ಹೋಯ್ತು. ಈಗೇನು ಮಾಡೋದು?"

"ಕೊನೇ ಬಾಟಲಿಯೇ ಬೇಕಿರಲಿಲ್ಲವಲ್ಲ. ಇರೋದರಲ್ಲೇ ಪ್ರಬಂಧ ಮುಗಿಸು, ಸಾಕು ಅಂತ ಹೇಳೋಕೇ ಬಂದೆ. ಅದಕ್ಕೇ ತುಂಬಬೇಡ ಅಂದಿದ್ದು."

ಮಧ್ವೇಶನಿಗೆ ಅಲ್ಲೇ ಸಗಣಿಯ ಮೇಲೆ ಕೂತು ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಗುವುದೆಂದು ತೀರ್ಮಾನಿಸುವಷ್ಟರಲ್ಲಿ ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದರು.

"ಆದರೆ ಈಗ ಹೇಗೆ ಬಿಡೋದು? ಯೋಚನೆ ಮಾಡು. ಒಂದು ಕಡೆ ಬ್ಲೀಚಿಂಗು, ಒಂದು ಕಡೆ ಫಿನಾಯಿಲು, ಇಲ್ಲಿ ಹಸುವಿನ ಔಷಧಿ. ಇಷ್ಟರಲ್ಲೂ ಬದುಕಿ ಉಳಿಯೋ ಬ್ಯಾಕ್ಟೀರಿಯಾ ಯಾವುದು? ನಿನ್ನ ಆ ತುಂಡು ಇವುಗಳನ್ನ ತಡೆಯೋ ಗುಣವನ್ನೂ ಅಂಟಿಸಿಕೊಂಡು ಹಾರುತ್ತಾ? ಇದು ಯಾರಿಗೂ ಸಿಗದ ಅವಕಾಶ. ನಿಜವಾದ ಪ್ರಬಂಧ ಇವತ್ತಿಂದ ಶುರು."

"ಮೇಡಂ, ಇದಕ್ಕೆ ಎಷ್ಟು ದಿನ..."

"ದಿನ ಅಲ್ಲಪ್ಪ. ವಿಕಾಸ ಅಂದ್ರೆ ಅವಸರ ಆಗುತ್ತಾ? ಮೂರು ವರ್ಷ ಅಂತಿಟ್ಟುಕೋ. ಮನೆ ಮಾತ್ರ ಇಲ್ಲೇ ಇರಲಿ, ನೀರಿನ ಮೇಲೆ ದಿನಾ ಕಣ್ಣಿರಬೇಕು."

ಆಮೇಲೆ ಮೇಡಂ ಬೀದಿಯವರ ಕಡೆ ತಿರುಗಿ ಕೈ ಮುಗಿದರು. "ನೀವೆಲ್ಲ ವಿಜ್ಞಾನಕ್ಕೆ ದೊಡ್ಡ ಉಪಕಾರ ಮಾಡಿದೀರಿ. ತಿಂಗಳಿಗೊಂದು ಸಲ ಹೀಗೇ ಹಾಕ್ತಿದ್ದರೆ ಚೆನ್ನಾಗಿರುತ್ತೆ."

"ತಿಂಗಳಿಗೇಕೆ ಮೇಡಂ, ವಾರಕ್ಕೊಂದು ಸಲ ಹಾಕಿಸ್ತೀನಿ" ಎಂದರು ವೆಂಕಟಾಚಲ. ಕೆಲಸದಿಂದ ನಿವೃತ್ತರಾದ ಮೇಲೆ ಅವರ ಮುಖದಲ್ಲಿ ಅಷ್ಟು ಕಳೆ ಯಾರೂ ಕಂಡಿರಲಿಲ್ಲ.

ಮಾಧವಿ ಮಾತೆಲ್ಲ ಕೇಳಿಸಿಕೊಂಡೇ ಬಂದಳು. ತಟ್ಟೆಯಲ್ಲಿ ಕಾಫಿ ಲೋಟಗಳಿದ್ದವು. ಮೇಡಂಗೆ ಕೊಟ್ಟಳು, ವೆಂಕಟಾಚಲರಿಗೆ ಕೊಟ್ಟಳು, ರಾಧಮ್ಮನಿಗೆ, ಮುನಿಶಾಮಪ್ಪನಿಗೆ, ದೇವರಾಜುವಿಗೆ ಕೂಡ ಕರೆದು ಕೊಟ್ಟಳು. ತಟ್ಟೆ ಖಾಲಿಯಾಯಿತು.

"ನನಗೆ?" ಎಂದ ಮಧ್ವೇಶ.

"ನಿಮ್ಮ ಬಾಟಲಿ ಇದೆಯಲ್ಲ" ಎಂದು ಮಾಧವಿ ಮನೆಯ ಕಡೆ ನಡೆದಳು.